ಕುವೆಂಪು ಬರೆದ ಇಂಗ್ಲಿಷ್ ಕವಿತೆ

ಕುವೆಂಪು ಅವರ ಮೊದಲ ಪುಸ್ತಕ ಕನ್ನಡದ್ದಲ್ಲ. ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಕಿರುಹೊತ್ತಗೆ ಅಚ್ಚಾದದ್ದು 1922ರಲ್ಲಿ; ಮಲೆನಾಡಿನಿಂದ ಮೈಸೂರಿಗೆ ಬಂದು ಹೈಸ್ಕೂಲು ಓದುತ್ತಿದ್ದ ಹುಡುಗನಿಗೆ ಆಗ 17 ವರ್ಷ. ಎರಡು ವರ್ಷಗಳ ತರುವಾಯ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ ಕವಿತೆಗಳನ್ನು ನೋಡಿ, ತಾಯ್ನುಡಿಯಲ್ಲೇಕೆ ಬರೆಯಬಾರದೆಂದು ಕೇಳಿದರು. ಕನ್ನಡದಲ್ಲಿ ಅಂಥ ಛಂದೋವೈವಿಧ್ಯವಿಲ್ಲವೆಂದು ಹುಡುಗನ ಉತ್ತರ! (ಮುಂದೆ ‘ಶ್ರೀ ರಾಮಾಯಣ ದರ್ಶನಂ’ ಬರೆದವರ ಮಾತಿದು.)

ಈ ಕಥೆ ಹೇಳುವಾಗ ನಾವು ಉಪಾಧ್ಯಾಯರು ಕಸಿನ್ಸರನ್ನು ಕೊಂಡಾಡಿ, ಆ ಇಂಗ್ಲಿಷ್ ಪದ್ಯಗಳನ್ನು ವ್ಯರ್ಥವೆಂದು ತಳ್ಳಿಬಿಡುತ್ತೇವೆ. ನಾನಿದನ್ನು ಒಪ್ಪಲಾರೆ. ವರ್ಡ್ಸ್‌ವರ್ತನನ್ನು ಹಚ್ಚಿಕೊಂಡ ಕಣ್ಣಿಗೇ ಅಲ್ಲವೆ, ಹುಟ್ಟಿದಂದಿನಿಂದ ಕಂಡ ಕುಪ್ಪಳಿಯ ಕಾಡು ಕಾವ್ಯವಸ್ತುವಾಗಿ ತೋರಿದ್ದು? ಎಸ್.ಎಸ್.ಎಲ್.ಸಿ.ಯ ಹುಡುಗನೊಬ್ಬ ಇಂದು ಇಂಗ್ಲಿಷ್ ಪದ್ಯ ತಂದರೆ ನಾನು ಮೊದಲು ಅದನ್ನು ಕೊನೆಯವರೆಗೆ ಓದುತ್ತೇನೆ. ಕಸಿನ್ಸರ ಪ್ರಶ್ನೆ ಆಮೇಲೆ.