ಐದು ಸೆಂಟಿನ ಸಮುದ್ರ

1907ರ ಜುಲೈ ಕೊನೆಯ ಒಂದು ಬೆಳಗ್ಗೆ. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಸ್ಟೀಪಲ್‌ಚೇಸ್ ಎಂಬ ಮೋಜಿನ ಪಾರ್ಕು ರಾತ್ರಿಯ ಬೆಂಕಿಗೆ ಬೂದಿಯಾಗಿ ಇನ್ನೂ ಹೊಗೆಯಾಡುತ್ತಿತ್ತು. ಮಾಲೀಕ ಜಾರ್ಜ್ ಟಿಲ್ಯು ತಲೆಯ ಮೇಲೆ ಕೈಹೊತ್ತು ಕೂರಲಿಲ್ಲ. ಬಾಗಿಲಲ್ಲೊಂದು ಬೋರ್ಡು ನೆಡಿಸಿದ: ಉರಿಯುತ್ತಿರುವ ಅವಶೇಷ ನೋಡಲು ಹತ್ತು ಸೆಂಟು. ಜನ ಕಾಸು ಕೊಟ್ಟು ಒಳಗೆ ಹೋಗಿ, ಬೂದಿ ನೋಡಿಕೊಂಡು ಬಂದರು.

ಕೋನಿ ಐಲ್ಯಾಂಡಿನ ಕಥೆ ಹೇಳಲು ಹೊರಟವರು ಕೈಯಲ್ಲಿ ಚಿಲ್ಲರೆ ಹಿಡಿದುಕೊಂಡೇ ಮಾತು ಶುರುಮಾಡಬೇಕು. ಕಡಲ ಗಾಳಿ ಯಾರಿಗೆ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ಅಲ್ಲಿ ಬಹುಕಾಲ ತೀರ್ಮಾನಿಸಿದ್ದು ಟಿಕೆಟ್ಟಿನ ದರ.

ಬ್ರೂಕ್ಲಿನ್ನಿನ ದಕ್ಷಿಣದ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿ ಮಲಗಿರುವ ಸುಮಾರು ಆರು ಕಿಲೋಮೀಟರ್ ಉದ್ದದ ಮರಳ ಪಟ್ಟಿ ಇದು. ಡಚ್ಚರ ಬಾಯಲ್ಲಿ ಇದು ಮೊಲಗಳ ದ್ವೀಪವಾಗಿತ್ತು, ಇಂದಿನ ಹೆಸರು ಬಂದದ್ದೂ ಅದರಿಂದಲೇ ಎಂದು ಹೆಚ್ಚಿನವರು ಹೇಳುತ್ತಾರೆ. ಮೊಲಗಳು ಹೋಗಿ ಬಹಳ ಕಾಲವಾಯಿತು. ಆಮೇಲೆ ದ್ವೀಪವೂ ಹೋಯಿತು. ಊರಿಗೂ ಅದಕ್ಕೂ ನಡುವೆ ಹರಿಯುತ್ತಿದ್ದ ಕಾಲುವೆಯ ಒಂದಷ್ಟು ಭಾಗಕ್ಕೆ ಇಪ್ಪತ್ತನೇ ಶತಮಾನದಲ್ಲಿ ಮಣ್ಣು ತುಂಬಿಸಿದ ಮೇಲೆ ಅದು ನೆಲಕ್ಕೆ ಅಂಟಿಕೊಂಡಿತು. ಈಗ ಅದು ಹೆಸರಿಗಷ್ಟೇ ದ್ವೀಪ.

ಇಲ್ಲಿ ಮೊದಲ ಹೋಟೆಲು ತೆರೆದದ್ದು 1829ರಲ್ಲಿ. ರೈಲು ಬಂದ ಮೇಲೆ ಪೂರ್ವದ ತುದಿ ಶ್ರೀಮಂತರ ಪಾಲಾಯಿತು. ರೈಲ್ವೆ ಧಣಿ ಆಸ್ಟಿನ್ ಕಾರ್ಬಿನ್ 1877ರಲ್ಲಿ ಮ್ಯಾನ್‌ಹಟನ್ ಬೀಚ್ ಹೋಟೆಲ್ ಕಟ್ಟಿದ. ಎರಡೇ ವರ್ಷಕ್ಕೆ, ತನ್ನ ಹೋಟೆಲಿಗೆ ಯಹೂದಿಗಳು ಬರುವುದು ಬೇಡ ಎಂದು ಪತ್ರಿಕೆಗಳಿಗೇ ಹೇಳಿಬಿಟ್ಟ. ಅದೇ ಕಾರ್ಬಿನ್ನನ ಸಮುದ್ರವನ್ನು ನೋಡುತ್ತ ಮುಂದೆ ಲಕ್ಷಾಂತರ ಯಹೂದಿ ಕುಟುಂಬಗಳು ಬ್ರೂಕ್ಲಿನ್ನಿನಲ್ಲಿ ಬೇರೂರಿದವು. ಚರಿತ್ರೆಗೂ ಒಮ್ಮೊಮ್ಮೆ ತುಂಟತನ ಇರುತ್ತದೆ.

ಪಕ್ಕದ ಬ್ರೈಟನ್ ಬೀಚ್ ಹೋಟೆಲಿನ ಪಾಡು ಬೇರೆ. ಕಡಲು ದಡವನ್ನು ತಿನ್ನುತ್ತ ತಿನ್ನುತ್ತ ಹೋಟೆಲಿನ ಬುಡಕ್ಕೇ ಬಂದಿತ್ತು. 1888ರಲ್ಲಿ ಎಂಜಿನಿಯರುಗಳು ಇಡೀ ಕಟ್ಟಡವನ್ನು ಮೇಲೆತ್ತಿ, ಕೆಳಗೆ ಹಳಿ ಹಾಸಿ, ನೂರಕ್ಕೂ ಹೆಚ್ಚು ರೈಲು ಗಾಡಿಗಳ ಮೇಲೆ ಕೂರಿಸಿದರು. ಆರು ಉಗಿ ಎಂಜಿನ್‌ಗಳು ಒಟ್ಟಿಗೆ ಜಗ್ಗಿ, ಮರದ ಆ ಮಹಾಮನೆಯನ್ನು ಇಂಚಿಂಚಾಗಿ ನೂರೈವತ್ತು ಮೀಟರಿನಷ್ಟು ಒಳಕ್ಕೆ ಎಳೆದು ನಿಲ್ಲಿಸಿದವು.

ಪಶ್ಚಿಮದ ತುದಿಯಲ್ಲಿ ಜೂಜು, ಹೆಂಡ, ಕಳ್ಳರು. ನಡುವಿನ ಭಾಗ ಮಾತ್ರ ದುಡಿಯುವ ಜನರದ್ದು. ಜರ್ಮನಿಯಿಂದ ಬಂದ ಚಾರ್ಲ್ಸ್ ಫೆಲ್ಟ್‌ಮನ್ 1867ರ ಹೊತ್ತಿಗೇ ಇಲ್ಲಿ ತಳ್ಳುಗಾಡಿಯಲ್ಲಿ ಬಿಸಿ ಸಾಸೇಜನ್ನು ಉದ್ದನೆಯ ಬನ್ನಿನ ನಡುವೆ ಇಟ್ಟು ಮಾರುತ್ತಿದ್ದ. ತಟ್ಟೆ ಬೇಡ, ಫೋರ್ಕು ಬೇಡ. ಹಾಟ್ ಡಾಗ್ ಹುಟ್ಟಿದ್ದು ಇಲ್ಲೇ ಎಂಬುದು ಈ ಊರಿನವರ ಹಟ.

1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಒಂದು ವಿಚಿತ್ರ ರೈಲು ತಂದ. ಜನ ಮರದ ಗೋಪುರ ಹತ್ತಬೇಕು, ಬೆಂಚಿನಂಥ ಗಾಡಿಯಲ್ಲಿ ಅಡ್ಡಡ್ಡ ಕೂರಬೇಕು. ಗಾಡಿ ಅಲೆಯಲೆಯಾದ ಹಳಿಯ ಮೇಲೆ ತನ್ನ ಭಾರಕ್ಕೆ ತಾನೇ ಉರುಳಿ ಇನ್ನೊಂದು ತುದಿ ಸೇರುತ್ತದೆ. ವೇಗ ಗಂಟೆಗೆ ಹತ್ತು ಕಿಲೋಮೀಟರಿಗಿಂತ ಒಂದಿಷ್ಟೂ ಹೆಚ್ಚಿರಲಿಲ್ಲ. ಸೈಕಲ್ಲೂ ಅದನ್ನು ಹಿಂದೆ ಹಾಕೀತು! ಆದರೂ ಜನ ಕಿರುಚಿದರು, ಇಳಿದವರು ಮತ್ತೆ ಸಾಲಿಗೆ ನಿಂತರು. ಒಂದು ಸವಾರಿಗೆ ಐದು ಸೆಂಟು, ಅಂದರೆ ಒಂದು ನಿಕೆಲ್ ನಾಣ್ಯ. ಅಮೆರಿಕದ ರೋಲರ್ ಕೋಸ್ಟರ್ ವ್ಯಾಪಾರ ಕುದುರಿದ್ದು ಆ ನಾಣ್ಯದಿಂದ.

ಆಮೇಲೆ ಬಂದವು ಬೇಲಿ ಹಾಕಿದ ದೊಡ್ಡ ಪಾರ್ಕುಗಳು. 1897ರಲ್ಲಿ ಟಿಲ್ಯುವಿನ ಸ್ಟೀಪಲ್‌ಚೇಸ್, 1903ರಲ್ಲಿ ಲೂನಾ ಪಾರ್ಕ್, 1904ರಲ್ಲಿ ಡ್ರೀಮ್‌ಲ್ಯಾಂಡ್. ಮನೆಯಲ್ಲಿ ಸೀಮೆಎಣ್ಣೆ ದೀಪವೋ ಗ್ಯಾಸಿನ ದೀಪವೋ ಉರಿಸಿಕೊಂಡಿದ್ದ ಜನಕ್ಕೆ ಲೂನಾ ಪಾರ್ಕು ಎರಡೂವರೆ ಲಕ್ಷ ವಿದ್ಯುತ್ ಬಲ್ಬು ತೋರಿಸಿತು. ಡ್ರೀಮ್‌ಲ್ಯಾಂಡ್ ಹತ್ತು ಲಕ್ಷವೆಂದು ಹೇಳಿಕೊಂಡಿತು. ಲೂನಾ ಪಾರ್ಕ್ ತೆರೆಯುವ ಮೊದಲೇ ಅದರ ಅಂಗಳದಲ್ಲಿ ಒಂದು ಹೇಯ ಕೆಲಸ ನಡೆದಿತ್ತು. ಮನುಷ್ಯನನ್ನು ಕೊಂದ ಟಾಪ್ಸಿ ಎಂಬ ಸರ್ಕಸ್ ಆನೆಯನ್ನು 1903ರ ಜನವರಿ 4ರಂದು ವಿದ್ಯುತ್ ಹಾಯಿಸಿ ಸಾಯಿಸಿದರು. ಎಡಿಸನ್ ಕಂಪನಿ ಅದರ ಚಿತ್ರ ತೆಗೆಯಿತು. ಎಡಿಸನ್ ತನ್ನ ಎದುರಾಳಿಗಳ ಕರೆಂಟನ್ನು ಹಳಿಯಲು ಇದನ್ನು ಮಾಡಿಸಿದ ಎಂಬ ಕಥೆ ಇವತ್ತೂ ಸುತ್ತುತ್ತಿದೆ. ಆದರೆ ಯಾರ ಕರೆಂಟು ಮೇಲು ಎಂಬ ಆ ಜಗಳ ಮುಗಿದು ಆಗಲೇ ಹತ್ತು ವರ್ಷವಾಗಿತ್ತು.

ಡ್ರೀಮ್‌ಲ್ಯಾಂಡ್ ಬಾಳಿದ್ದು ಏಳೇ ವರ್ಷ. 1911ರ ಮೇ 27ರ ನಸುಕಿನಲ್ಲಿ, 'ನರಕದ ಬಾಗಿಲು' ಎಂಬ ಹೆಸರಿನ ಆಟದ ಸೋರಿಕೆಗೆ ಕೆಲಸಗಾರರು ಟಾರು ಬಳಿಯುತ್ತಿದ್ದಾಗ ದೀಪ ಕೆಟ್ಟಿತು, ಕತ್ತಲಲ್ಲಿ ಬಿಸಿ ಟಾರಿನ ಬಕೆಟು ಉರುಳಿತು. ಬೆಳಗಾಗುವಷ್ಟರಲ್ಲಿ ಬಿಳಿ ಬಣ್ಣದ ಆ ಮಾಯಾನಗರಿ ಇರಲಿಲ್ಲ.

ಆ ಬೆಂಕಿಯ ನಡುವೆ ದಾದಿಯರು ಎದೆಗವಚಿಕೊಂಡು ಹೊರಗೆ ತಂದದ್ದು ಆರೇಳು ಎಳೆಯ ಕೂಸುಗಳನ್ನು. ಮೋಜಿನ ಪಾರ್ಕಿನಲ್ಲಿ ಎಳೆಗೂಸುಗಳಿಗೇನು ಕೆಲಸ? ಕೋನಿ ಐಲ್ಯಾಂಡಿನ ಎಲ್ಲ ವಿಚಿತ್ರಗಳಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಇದೇ. ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಇಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳನ್ನು ಇನ್‌ಕ್ಯುಬೇಟರ್ ಪೆಟ್ಟಿಗೆಗಳಲ್ಲಿಟ್ಟು ಪ್ರದರ್ಶಿಸುತ್ತಿದ್ದ. ಆ ಕಾಲದ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗೆ ಜಾಗವೂ ಇರಲಿಲ್ಲ, ಅವು ಬದುಕುತ್ತವೆಂಬ ನಂಬಿಕೆಯೂ ಇರಲಿಲ್ಲ. ಕೂನಿ ತಂದೆತಾಯಿಯಿಂದ ಚಿಕ್ಕಾಸೂ ಪಡೆಯಲಿಲ್ಲ. ಖರ್ಚು ಹುಟ್ಟುತ್ತಿದ್ದದ್ದು ನೋಡಲು ಬಂದವರ ಟಿಕೆಟ್ಟಿನಿಂದ. ಹೊರಗೆ ಕೂಗಿ ಕರೆಯುವವನು, ಒಳಗೆ ಬಿಳಿಯ ಸಮವಸ್ತ್ರದ ದಾದಿಯರು, ಗಾಜಿನಾಚೆ ಬೊಗಸೆಯಷ್ಟು ಕೂಸು. ದಾದಿಯೊಬ್ಬಳು ತನ್ನ ಬೆರಳಿನ ವಜ್ರದುಂಗುರ ತೆಗೆದು ಮಗುವಿನ ಕೈಗೆ ತೊಡಿಸಿ, ಅದನ್ನು ಮಣಿಕಟ್ಟು ದಾಟಿಸಿ ಬಳೆಯಂತೆ ಮೇಲೇರಿಸಿ ತೋರಿಸುತ್ತಿದ್ದಳು. ನೋಡಿದವರ ಉಸಿರು ನಿಲ್ಲುತ್ತಿತ್ತು.

ಕೂನಿ ನಿಜವಾಗಿ ವೈದ್ಯ ಪದವಿ ಪಡೆದಿದ್ದನೇ ಎಂಬ ಅನುಮಾನವನ್ನು ಈಚಿನ ಬರಹಗಾರರು ಎತ್ತಿದ್ದಾರೆ. ಸುಮಾರು ಎಂಟು ಸಾವಿರ ಮಕ್ಕಳಲ್ಲಿ ಆರೂವರೆ ಸಾವಿರ ಮಕ್ಕಳು ಉಳಿದರೆಂಬುದು ಅವನದೇ ಲೆಕ್ಕ. ಲೆಕ್ಕದಲ್ಲಿ ಒಂದಿಷ್ಟು ಉತ್ಪ್ರೇಕ್ಷೆ ಇದ್ದರೂ ಇರಲಿ, ಹಾಗೆ ಉಳಿದು ಅಜ್ಜ ಅಜ್ಜಿಯರಾದವರು ಮುಂದೆ ಪತ್ರಿಕೆಗಳಲ್ಲಿ ತಮ್ಮ ಕಥೆ ಹೇಳಿಕೊಂಡಿದ್ದಾರೆ. ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಇಂಥ ಮಕ್ಕಳಿಗೆಂದೇ ವಿಭಾಗ ತೆರೆಯತೊಡಗಿದ ಮೇಲೆ ತನ್ನ ಕೆಲಸ ಮುಗಿಯಿತೆಂದು ಆತ ಅಂಗಡಿ ಮುಚ್ಚಿದ.

ಐದು ಸೆಂಟಿಗೆ ನಿಜವಾದ ರಾಜಯೋಗ ಬಂದದ್ದು 1920ರಲ್ಲಿ. ಅಲ್ಲಿಯವರೆಗೆ ದುಬಾರಿಯಾಗಿದ್ದ ಪಯಣ ಸಬ್‌ವೇ ರೈಲು ಕಡಲಿನ ಅಂಚಿಗೇ ಬಂದದ್ದರಿಂದ ಒಂದು ನಿಕೆಲ್ಲಿಗೆ ಇಳಿಯಿತು. ಮ್ಯಾನ್‌ಹಟನ್ನಿನ ಇಕ್ಕಟ್ಟಿನ ವಠಾರಗಳಿಂದ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊರಟರು. ಬೇಸಿಗೆಯ ಭಾನುವಾರ ಹತ್ತು ಲಕ್ಷ ಜನ ಸೇರುತ್ತಿದ್ದರೆಂದು ಆಗಿನ ಪತ್ರಿಕೆಗಳು ಬರೆದವು. 1923ರಲ್ಲಿ ನಗರಾಡಳಿತ ಕಡಲುದ್ದಕ್ಕೂ ಹಲಗೆಯ ಹಾದಿ ಹಾಕಿ, ಖಾಸಗಿ ಸ್ನಾನಗೃಹಗಳ ಬೇಲಿಗಳ ಹಿಂದಿದ್ದ ಮರಳನ್ನು ಎಲ್ಲರಿಗೂ ತೆರೆಯಿತು. 1940ರ ಜುಲೈನಲ್ಲಿ ವೀಜಿ ಎಂಬ ಛಾಯಾಗ್ರಾಹಕ ತೆಗೆದ ಚಿತ್ರದಲ್ಲಿ ಮರಳೇ ಕಾಣದು, ಬರೀ ತಲೆಗಳು. ನಮ್ಮ ಯಾವ ತೇರಿನ ದಿನಕ್ಕೂ ಕಡಿಮೆಯಿಲ್ಲದ ಜನಸಾಗರ.

ವ್ಯಾಪಾರಿಗಳೂ ಆ ನಾಣ್ಯಕ್ಕೇ ಕಣ್ಣಿಟ್ಟರು. ತಳ್ಳುಗಾಡಿಯಿಂದ ಬೆಳೆದ ಫೆಲ್ಟ್‌ಮನ್ ಹೋಟೆಲಿನಲ್ಲಿ ಬನ್ನು ಕೊಯ್ಯುತ್ತಿದ್ದ ನೇಥನ್ ಹ್ಯಾಂಡ್‌ವರ್ಕರ್ 1916ರಲ್ಲಿ ಹತ್ತಿರದಲ್ಲೇ ತನ್ನ ಅಂಗಡಿ ಇಟ್ಟ. ಆ ಹೋಟೆಲಿನಲ್ಲಿ ಹತ್ತು ಸೆಂಟಿಗೆ ಮಾರುತ್ತಿದ್ದ ಹಾಟ್ ಡಾಗನ್ನು ಈತ ಐದಕ್ಕೆ ಕೊಟ್ಟ. ಇಷ್ಟು ಅಗ್ಗದ ಮಾಂಸ ಎಂಥದೋ ಏನೋ ಎಂದು ಜನ ಹಿಂಜರಿದಾಗ, ಬಿಳಿ ಕೋಟು ತೊಟ್ಟವರನ್ನು ಅಂಗಡಿಯ ಮುಂದೆ ನಿಲ್ಲಿಸಿ ತಿನ್ನಿಸಿದ ಎಂಬ ಕಥೆಯಿದೆ. ಡಾಕ್ಟರುಗಳೇ ತಿನ್ನುತ್ತಿದ್ದಾರೆ ಎಂದ ಮೇಲೆ ಇನ್ನೇನು ಭಯ!

ನಿಕೆಲ್ ಎಲ್ಲ ಬಾಗಿಲನ್ನೂ ತೆರೆಯಲಿಲ್ಲ. ಸ್ಟೀಪಲ್‌ಚೇಸಿನ ಈಜುಕೊಳದಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅವರ ಕೈಯಲ್ಲಿದ್ದದ್ದೂ ಅದೇ ನಾಣ್ಯ.

ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಇಳಿಗಾಲ ಶುರುವಾಗಿತ್ತು. 1944ರ ಬೆಂಕಿಯ ನಂತರ ಲೂನಾ ಪಾರ್ಕು ಮೇಲೇಳಲಿಲ್ಲ. 1948ರಲ್ಲಿ ಸಬ್‌ವೇ ದರ ಹತ್ತು ಸೆಂಟಾಯಿತು. ಅಷ್ಟರಲ್ಲಿ ಕಾರು ಕೊಂಡವರಿಗೆ ದೂರದ ಕಡಲತೀರಗಳು ಸಿಕ್ಕಿದ್ದವು. ನಗರದ ಉದ್ಯಾನಗಳ ದೊರೆಯಂತಿದ್ದ ರಾಬರ್ಟ್ ಮೋಸಸ್‌ಗೆ ಈ ಗದ್ದಲ, ಈ ಕೂಗಾಟ ಕಂಡರಾಗದು. ಸ್ಟೀಪಲ್‌ಚೇಸ್ 1964ರಲ್ಲಿ ಕೊನೆಯ ಬಾರಿ ಬಾಗಿಲು ಮುಚ್ಚಿತು. ಮರುವರ್ಷ ಅದನ್ನು ಕೊಂಡವನು ಮನೆ ಕಟ್ಟಿಸುವ ವ್ಯಾಪಾರಿ ಫ್ರೆಡ್ ಟ್ರಂಪ್, ಡೊನಾಲ್ಡ್ ಟ್ರಂಪ್ ಅವರ ತಂದೆ. 1966ರಲ್ಲಿ ಆತ ಪಾರ್ಕಿನ ಗಾಜಿನ ಮಂಟಪವನ್ನು ಕೆಡಹುವುದಕ್ಕೇ ಒಂದು ಪಾರ್ಟಿ ಇಟ್ಟ. ಬಂದ ಅತಿಥಿಗಳ ಕೈಗೆ ಇಟ್ಟಿಗೆ ಕೊಟ್ಟು ಗಾಜಿಗೆ ಎಸೆಯಿರೆಂದ. ಅಲ್ಲಿ ಅವನು ಕಟ್ಟಬೇಕೆಂದಿದ್ದ ಎತ್ತರದ ವಸತಿ ಗೋಪುರಗಳಿಗೆ ಅನುಮತಿಯೇ ಸಿಗಲಿಲ್ಲ. ಬೂದಿಗೂ ಟಿಕೆಟ್ ಇಟ್ಟ ಟಿಲ್ಯುವಿನ ಪಾರ್ಕು ಬಹುಕಾಲ ಬಯಲಾಗಿ ಉಳಿಯಿತು.

ಉಳಿದದ್ದೂ ಇದೆ. 1920ರ ವಂಡರ್ ವೀಲ್ ಈಗಲೂ ತಿರುಗುತ್ತದೆ. 1927ರ ರೋಲರ್ ಕೋಸ್ಟರ್ ಸೈಕ್ಲೋನ್ ಮರದ ಹಳಿಯ ಮೇಲೆ ಕಟಕಟ ಸದ್ದು ಮಾಡುತ್ತ ಏರಿ, ಇಪ್ಪತ್ತಾರು ಮೀಟರ್ ಎತ್ತರದಿಂದ ಧುಮುಕುತ್ತದೆ. ಮೊದಲ ವರ್ಷ ಅದರ ದರ ಇಪ್ಪತ್ತೈದು ಸೆಂಟು, ಈಗ ಹತ್ತು ಡಾಲರಿಗೂ ಹೆಚ್ಚು. 2010ರಲ್ಲಿ ಹಳೆಯ ಹೆಸರಿನಲ್ಲೇ ಹೊಸ ಲೂನಾ ಪಾರ್ಕು ತೆರೆಯಿತು. ಎರಡು ವರ್ಷಕ್ಕೆ ಸ್ಯಾಂಡಿ ಚಂಡಮಾರುತ ಇಡೀ ಊರನ್ನು ನೀರಿನಲ್ಲಿ ಅದ್ದಿತು. ಮುಂದಿನ ಬೇಸಿಗೆಗೆ ಆಟಗಳು ಮತ್ತೆ ತಿರುಗಿದವು.

ಕಡಲಿಗೆ ಮಾತ್ರ ಟಿಕೆಟ್ಟಿಲ್ಲ. ಆಟಗಳೆಲ್ಲ ನಿಂತು, ಅಂಗಡಿಗಳು ಶಟರ್ ಎಳೆದುಕೊಂಡು, ಹಲಗೆಯ ಹಾದಿಯ ಮೇಲೆ ಕೊರೆಯುವ ಗಾಳಿ ಬೀಸುವ ಜನವರಿ 1ರಂದು, ಈಜುಡುಗೆ ತೊಟ್ಟ ಸಾವಿರಾರು ಜನ ಹೋ ಎಂದು ಕೂಗುತ್ತ ಆ ಹಿಮತಣ್ಣನೆಯ ಅಟ್ಲಾಂಟಿಕ್ಕಿಗೆ ನುಗ್ಗುತ್ತಾರೆ. ಒಂದೆರಡು ನಿಮಿಷಕ್ಕೆಲ್ಲ ಹಲ್ಲು ಕಟಕಟಿಸುತ್ತ, ಟವೆಲ್ ಹುಡುಕುತ್ತ ವಾಪಸು ಓಡುತ್ತಾರೆ.