ಅಂತಾರಾಷ್ಟ್ರೀಯ ಸಂಬಂಧಗಳ ಪದವಿ: ಸಾಲಕ್ಕೆ ಮೊದಲು ಕಂತಿನ ಲೆಕ್ಕ

ಮುಂಬಯಿ: ರಾಯಭಾರಿಯಾಗುವ ಆಸೆಯಿಂದ ಅಂತಾರಾಷ್ಟ್ರೀಯ ಸಂಬಂಧಗಳ ಸ್ನಾತಕೋತ್ತರ ಪದವಿಗೆ ವಿದೇಶಕ್ಕೆ ಹೊರಡುವ ಮಕ್ಕಳ ಹೆತ್ತವರು ಮೊದಲು ಕಂತಿನ ಲೆಕ್ಕ ಹಾಕುವುದು ಒಳಿತು. 20 ಲಕ್ಷ ರೂ. ಸಾಲವನ್ನು ಶೇ. 10ರ ಬಡ್ಡಿಯಂತೆ 10 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 26,430 ರೂ. ಬೇಕು, ಒಟ್ಟು 31.7 ಲಕ್ಷ ರೂ. ಓದಿನ ಅವಧಿಯ ಬಡ್ಡಿ ಬೇರೆ. ಕೈಗೆ 50 ಸಾವಿರ ರೂ. ಸಂಬಳ ಬಂದರೂ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುತ್ತದೆ. ಕೆಲಸ ಸಿಗದಿದ್ದರೆ ಹೊಣೆ ಸಹಸಾಲಗಾರರಾದ ತಂದೆಯದು. ಅವರ ನಿವೃತ್ತಿಯ ವರ್ಷವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಭಾರತೀಯ ವಿದೇಶಾಂಗ ಸೇವೆಯ ಪರೀಕ್ಷೆಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವ ವಿಷಯದ ಪದವಿಯಾದರೂ ಸಾಕು. ಇದೇ ವಿಷಯವನ್ನು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಅಲ್ಪ ಶುಲ್ಕಕ್ಕೆ ಕಲಿಯಬಹುದು. 2019ರಲ್ಲಿ ವಿದೇಶಾಂಗ ಸಚಿವರಾದ ಎಸ್. ಜೈಶಂಕರ್ ಡಾಕ್ಟರೇಟ್ ಪಡೆದದ್ದು ಅಲ್ಲಿಯೇ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೂ ಆ ಗುರಿ ಮುಟ್ಟಲು ಅಡ್ಡಿಯಿಲ್ಲ.