ಮಾರ್ಗರೀತ ಒಕ್ಕಿಯೇನ: ಒಕ್ಕಲುಮನೆಯ ತಾಯಿಯ ಪಾವಿತ್ರ್ಯ

ಸಂತ ಡಾನ್ ಬಾಸ್ಕೊ ಅವರ ಹೆಸರನ್ನು ಕೇಳದ ಗುರುಮಠದ ವಿದ್ಯಾರ್ಥಿ ವಿರಳ. ಅವರ ತಾಯಿ ಮಾರ್ಗರೀತ ಒಕ್ಕಿಯೇನ ಅವರನ್ನಾದರೋ ನಾವು ಮಗನ ಚರಿತ್ರೆಯ ಮೊದಲ ಅಧ್ಯಾಯದಲ್ಲಿ ಕಂಡು, ಮುಂದಿನ ಅಧ್ಯಾಯಗಳಿಗೆ ಬರುವಷ್ಟರಲ್ಲಿ ಮರೆತುಬಿಡುತ್ತೇವೆ. 2006ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಈಕೆಯ ಸದ್ಗುಣಗಳು ವೀರೋಚಿತವಾದುವೆಂದು ಮಾನ್ಯಮಾಡಿ, ಈಕೆಯನ್ನು 'ಪೂಜ್ಯೆ' ಎಂದು ಕರೆಯಲು ಅನುಮತಿಯಿತ್ತರು. ಸಂತಪದವಿಯ ದಾರಿಯಲ್ಲಿ ಇದು ಮುಖ್ಯವಾದ ಹಂತ. ಸಂತನೊಬ್ಬನನ್ನು ಹೆತ್ತ ಮಾತ್ರಕ್ಕೆ ಯಾರೂ ಈ ಹಂತವನ್ನು ತಲುಪುವುದಿಲ್ಲ. ಪ್ರತಿಯೊಬ್ಬರ ವಿಶ್ವಾಸ, ಭರವಸೆ, ಪ್ರೀತಿಗಳನ್ನು ಧರ್ಮಸಭೆ ಪ್ರತ್ಯೇಕವಾಗಿಯೇ ತೂಗಿ ನೋಡುತ್ತದೆ. ಓದುಬರಹ ಅರಿಯದ ಈ ಒಕ್ಕಲುಗಿತ್ತಿಯ ಬಾಳಿನಲ್ಲಿ ಧರ್ಮಸಭೆ ಕಂಡದ್ದೇನು, ಯಾಜಕರಾಗುವವರಿಗೆ ಅದು ಏಕೆ ಮುಖ್ಯ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಹೊಲ, ಮನೆ, ವೈಧವ್ಯ

ಉತ್ತರ ಇಟಲಿಯ ಪೀಡ್ಮಾಂಟ್ ಸೀಮೆಯ ಕಪ್ರೀಲ್ಯೊ ಗ್ರಾಮದಲ್ಲಿ 1788ರ ಏಪ್ರಿಲ್ 1ರಂದು ಮಾರ್ಗರೀತ ಜನಿಸಿದರು. 1812ರಲ್ಲಿ ಅವರು ವಿಧುರನಾಗಿದ್ದ ಫ್ರಾಂಚೆಸ್ಕೊ ಬೋಸ್ಕೊ ಎಂಬ ರೈತನನ್ನು ವಿವಾಹವಾದರು. ಆ ಮನೆಯಲ್ಲಿ ಮೊದಲ ಹೆಂಡತಿಯ ಮಗ ಅಂತೋನಿಯೊ ಮತ್ತು ವೃದ್ಧೆ ಅತ್ತೆ ಇದ್ದರು. 1813ರಲ್ಲಿ ಜುಸೆಪ್ಪೆ, 1815ರಲ್ಲಿ ಜೊವಾನ್ನಿ ಹುಟ್ಟಿದರು. ಈ ಜೊವಾನ್ನಿಯೇ ಮುಂದೆ ಡಾನ್ ಬಾಸ್ಕೊ ಎನಿಸಿದವನು.

1817ರ ಮೇ ತಿಂಗಳಲ್ಲಿ, ದುಡಿದು ಬೆವೆತು ಬಂದ ಫ್ರಾಂಚೆಸ್ಕೊ ತಣ್ಣನೆಯ ನೆಲಮಾಳಿಗೆಗೆ ಇಳಿದು, ಜ್ವರ ಹಿಡಿದು ಕೆಲವೇ ದಿನಗಳಲ್ಲಿ ತೀರಿಕೊಂಡನು. ಮಾರ್ಗರೀತ ಅವರಿಗೆ ಆಗ ಇಪ್ಪತ್ತೊಂಬತ್ತು ವರ್ಷ. ಆ ವರ್ಷವೇ ಬರಗಾಲವೂ ಬಂದಿತು. ಹಣ ಕೊಟ್ಟರೂ ಸಂತೆಗಳಲ್ಲಿ ಕಾಳು ಸಿಕ್ಕಲಿಲ್ಲ. ದೇವರಲ್ಲಿ ಭರವಸೆಯಿಡಬೇಕೆಂದು ಸಾಯುವಾಗ ಗಂಡ ಹೇಳಿದ್ದನ್ನು ನೆನೆದು ಅವರು ಮಕ್ಕಳೊಡನೆ ಮೊಣಕಾಲೂರಿ ಪ್ರಾರ್ಥಿಸಿದರು. ಬಳಿಕ ಎದ್ದು ನೆರೆಯವನ ನೆರವಿನಿಂದ ಕೊಟ್ಟಿಗೆಯ ಕರುವನ್ನು ಕಡಿಸಿ, ಹಸಿದವರಿಗೆ ಅಂದಿನ ರಾತ್ರಿಯೇ ಊಟವಿಕ್ಕಿದರು. ರೈತನ ಮನೆಯಲ್ಲಿ ಕರುವೆಂದರೆ ನಾಳಿನ ಬದುಕು. ದೈವಾನುಗ್ರಹದ ಮೇಲಣ ಭರವಸೆಗೂ ಮನುಷ್ಯನ ಕಠಿಣ ನಿರ್ಧಾರಕ್ಕೂ ಇಲ್ಲಿ ವಿರೋಧವಿಲ್ಲ. ಪ್ರಾರ್ಥನೆಯು ಆ ನಿರ್ಧಾರಕ್ಕೆ ಬೇಕಾದ ಧೈರ್ಯವನ್ನು ಕೊಟ್ಟಿತು.

ಸ್ವಲ್ಪ ಕಾಲದಲ್ಲಿ ಅನುಕೂಲಸ್ಥರ ಕಡೆಯಿಂದ ಮರುಮದುವೆಯ ಪ್ರಸ್ತಾಪ ಬಂದಿತು. ಮಕ್ಕಳನ್ನು ಒಬ್ಬ ಪೋಷಕನ ವಶಕ್ಕೆ ಒಪ್ಪಿಸಬೇಕೆಂಬುದು ಅದರ ಷರತ್ತು. ಪೋಷಕನು ಮಕ್ಕಳಿಗೆ ಹಿತೈಷಿಯಾಗಬಲ್ಲನೇ ಹೊರತು ತಾಯಿಯಾಗಲಾರನೆಂದು ಅವರು ಅದನ್ನು ನಿರಾಕರಿಸಿದರು. 1826ರಲ್ಲಿ ಕಣ್ಮುಚ್ಚುವವರೆಗೂ ಅತ್ತೆಯನ್ನು ಅವರೇ ನೋಡಿಕೊಂಡರು.

ಅಕ್ಷರವಿಲ್ಲದ ಧರ್ಮೋಪದೇಶ

ಮಾರ್ಗರೀತ ಅವರಿಗೆ ಓದಲು ಬರುತ್ತಿರಲಿಲ್ಲ. ಕೇಳಿ ಕಲಿತ ಧರ್ಮೋಪದೇಶದ ಪ್ರಶ್ನೋತ್ತರಗಳನ್ನೂ ಪ್ರಾರ್ಥನೆಗಳನ್ನೂ ಅವರು ಮಕ್ಕಳಿಗೆ ಬಾಯಿಪಾಠ ಮಾಡಿಸಿದರು. ಮಗನ ಮೊದಲ ಪಾಪನಿವೇದನೆಗೂ ಮೊದಲ ಪರಮಪ್ರಸಾದಕ್ಕೂ ಅವನನ್ನು ಸಿದ್ಧಗೊಳಿಸಿದವರು ಅವರೇ. ಹೊಲ, ನಕ್ಷತ್ರ, ಸುಗ್ಗಿ, ಆಲಿಕಲ್ಲಿನ ಮಳೆ ಎಲ್ಲವೂ ಅವರ ಬೋಧನೆಗೆ ಪಠ್ಯವಾದುವು.

ಶಿಸ್ತಿನ ವಿಷಯದಲ್ಲಿಯೂ ಅವರಿಗೆ ತಮ್ಮದೇ ಕ್ರಮವಿತ್ತು. ಮನೆಯ ಮೂಲೆಯಲ್ಲಿ ಬೆತ್ತವೊಂದಿರುತ್ತಿತ್ತು. ಎಣ್ಣೆಯ ಪಾತ್ರೆಯನ್ನು ಒಡೆದ ಬಾಲಕ ಜೊವಾನ್ನಿ ತಾನೇ ಒಂದು ಕೋಲನ್ನು ಕೆತ್ತಿ, ದಾರಿಯಲ್ಲಿ ಎದುರುಗೊಂಡು ತಾಯಿಯ ಕೈಗಿತ್ತನೆಂದೂ, ಮಗನು ನಿಜವನ್ನು ಹೇಳಿದ್ದಕ್ಕೆ ಮೆಚ್ಚಿ ಆಕೆ ಹೊಡೆಯಲಿಲ್ಲವೆಂದೂ ಜೀವನಚರಿತ್ರೆಗಳು ಹೇಳುತ್ತವೆ. 1877ರಲ್ಲಿ ಡಾನ್ ಬಾಸ್ಕೊ ತಮ್ಮ ಶಿಕ್ಷಣಕ್ರಮವನ್ನು ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರು ಆಧಾರಗಳ ಮೇಲೆ ನಿರೂಪಿಸಿದರು. ಬರಹಕ್ಕೆ ಇಳಿಯುವ ಎಷ್ಟೋ ಮೊದಲು ಅದು ಒಂದು ಒಕ್ಕಲುಮನೆಯಲ್ಲಿ ನಡೆದುಬಂದ ರೀತಿಯಾಗಿತ್ತು.

ಮಗನ ಕರೆಯ ಮುಂದೆ

ಜೊವಾನ್ನಿ ಓದಲು ಬಯಸಿದಾಗ ಅಣ್ಣ ಅಂತೋನಿಯೊ ಸಿಡಿದೆದ್ದನು. ಚರಿತ್ರೆಗಳಲ್ಲಿ ಅವನಿಗೆ ಖಳನ ಪಾತ್ರವೇ ಮೀಸಲು. ಆದರೆ ಅವನ ಮಾತಿನಲ್ಲಿಯೂ ನ್ಯಾಯವಿತ್ತು: ತಮ್ಮನು ಪುಸ್ತಕ ಹಿಡಿದರೆ ಆ ಪಾಲಿನ ದುಡಿಮೆ ಬೀಳುವುದು ಅವನ ಹೆಗಲಿಗೆ. ಮಾರ್ಗರೀತ ಹನ್ನೆರಡರ ಹರೆಯದ ಸ್ವಂತ ಮಗನನ್ನು ಬೇರೊಂದು ಹೊಲಮನೆಗೆ ಆಳಾಗಿ ಕಳುಹಿಸಿ, ಮಲಮಗನನ್ನು ಮನೆಯಲ್ಲಿಯೇ ಉಳಿಸಿಕೊಂಡರು. ಸುಮಾರು ಎರಡು ವರ್ಷಗಳ ಅನಂತರ ಆಸ್ತಿ ಪಾಲಾದ ಮೇಲಷ್ಟೇ ಜೊವಾನ್ನಿಯ ಓದಿನ ದಾರಿ ಸುಗಮವಾಯಿತು. ಈ ನಿರ್ಧಾರವನ್ನು ಕೇವಲ ತ್ಯಾಗವೆಂದು ಹೊಗಳಿದರೆ ಸಾಲದು. ಮನೆಯ ಶಾಂತಿ, ಮಲಮಗನ ಹಕ್ಕು, ಮಗನ ಕರೆ ಎಂಬ ಮೂರನ್ನೂ ಬಿಟ್ಟುಕೊಡದ ವಿವೇಚನೆ ಅಲ್ಲಿದೆ.

ಮುಂದೆ ಯುವಕ ಜೊವಾನ್ನಿ ಫ್ರಾನ್ಸಿಸ್ಕನ್ ಸಭೆಗೆ ಸೇರಲು ಯೋಚಿಸಿದಾಗ, ಮಗನು ಧರ್ಮಕೇಂದ್ರದ ಗುರುವಾದರೆ ಮುಪ್ಪಿನಲ್ಲಿ ಆಸರೆಯಾದಾನೆಂದು ಊರಿನ ಗುರುಗಳು ತಾಯಿಗೆ ಸೂಚಿಸಿದರು. ಮಾರ್ಗರೀತ ಮಗನ ಬಳಿಗೆ ಹೋಗಿ, ತನ್ನ ಭವಿಷ್ಯವನ್ನು ಲೆಕ್ಕಕ್ಕೆ ಹಿಡಿಯಬಾರದೆಂದರು. ತಾನು ಬಡತನದಲ್ಲಿ ಹುಟ್ಟಿದವಳು, ಬಡತನದಲ್ಲಿಯೇ ಸಾಯುವವಳು. ಅವನು ಯಾಜಕನಾಗಿ ಸಿರಿವಂತನಾದರೆ ಅವನ ಹೊಸ್ತಿಲನ್ನು ಎಂದಿಗೂ ತುಳಿಯುವುದಿಲ್ಲ ಎಂಬುದು ಆ ಮಾತಿನ ಸಾರ. ಮಗನು 1841ರಲ್ಲಿ ಯಾಜಕದೀಕ್ಷೆ ಪಡೆದಾಗ, ಬಲಿಪೂಜೆಯನ್ನು ಅರ್ಪಿಸತೊಡಗುವುದೆಂದರೆ ನೋವನ್ನು ಅನುಭವಿಸತೊಡಗುವುದೆಂದು ಆಕೆ ಎಚ್ಚರಿಸಿದರು.

ತೂರಿನ್ ನಗರದ ಅಡುಗೆಮನೆ

1846ರ ನವೆಂಬರ್ 3ರಂದು, ಐವತ್ತೆಂಟರ ವಯಸ್ಸಿನಲ್ಲಿ, ಮೊಮ್ಮಕ್ಕಳಿದ್ದ ಮನೆಯನ್ನು ಬಿಟ್ಟು ಮಾರ್ಗರೀತ ಮಗನೊಡನೆ ಕಾಲ್ನಡಿಗೆಯಲ್ಲಿ ತೂರಿನ್ ನಗರಕ್ಕೆ ಹೊರಟರು. ಅಲ್ಲಿನ ವಾಲ್ಡೊಕ್ಕೊ ಬಡಾವಣೆಯಲ್ಲಿ ಡಾನ್ ಬಾಸ್ಕೊ ದಿಕ್ಕಿಲ್ಲದ ಹುಡುಗರನ್ನು ಕೂಡಿಸುತ್ತಿದ್ದರು. ತಮ್ಮ ಮದುವೆಯ ಬಟ್ಟೆಗಳಿಂದ ಆಕೆ ಪೂಜಾವಸ್ತ್ರಗಳನ್ನು ಮಾಡಿಸಿದರು. ಉಂಗುರವನ್ನೂ ಕೊರಳ ಸರವನ್ನೂ ಮಾರಿದರು. 1847ರ ಮೇ ತಿಂಗಳಲ್ಲಿ ಮಳೆಯಲ್ಲಿ ತೊಯ್ದ ಅನಾಥ ಹುಡುಗನೊಬ್ಬ ಬಾಗಿಲು ತಟ್ಟಿದಾಗ, ಅವನಿಗೆ ಉಣಬಡಿಸಿ ಅಡುಗೆಮನೆಯಲ್ಲಿಯೇ ಹಾಸಿಗೆ ಹಾಸಿಕೊಟ್ಟರು. ಹಿಂದೆ ಆಶ್ರಯ ಪಡೆದವರು ಹೊದಿಕೆಗಳನ್ನು ಕದ್ದೊಯ್ದಿದ್ದರಿಂದ ಬಾಗಿಲಿಗೆ ಬೀಗವನ್ನೂ ಹಾಕಿದರು. ಮಲಗುವ ಮುನ್ನ ದುಡಿಮೆ, ಪ್ರಾಮಾಣಿಕತೆ, ಧರ್ಮಗಳ ಕುರಿತು ನಾಲ್ಕು ಮಾತು ಹೇಳಿದರು. ಸಲೇಷಿಯನ್ ಸಭೆಯ ಮನೆಗಳಲ್ಲಿ ಇಂದಿಗೂ ನಡೆದುಬಂದಿರುವ 'ಶುಭರಾತ್ರಿ'ಯ ನುಡಿಗೆ ಮೂಲ ಈ ನಾಲ್ಕು ಮಾತುಗಳೆಂಬುದು ಸಂಪ್ರದಾಯ.

ದಣಿವೂ ಅವರನ್ನು ಬಿಡಲಿಲ್ಲ. ಆಟದ ಭರದಲ್ಲಿ ಹುಡುಗರು ತರಕಾರಿ ತೋಟವನ್ನು ತುಳಿದುಹಾಕಿದಾಗ, ಇನ್ನು ಸಾಕು, ಹಳ್ಳಿಗೆ ಮರಳುತ್ತೇನೆಂದು ಮಗನಿಗೆ ಹೇಳಿದರು. ಮಗನು ಮಾತಾಡದೆ ಗೋಡೆಯ ಶಿಲುಬೆಯತ್ತ ಬೆರಳು ತೋರಿದನು. ಆಕೆ ಉಳಿದರು. ಅಲ್ಲಿಯೇ 1856ರ ನವೆಂಬರ್ 25ರಂದು, ಅರುವತ್ತೆಂಟರ ವಯಸ್ಸಿನಲ್ಲಿ ಕೊನೆಯುಸಿರೆಳೆದರು.

ನಮಗೆ ಉಳಿಯುವ ಪಾಠ

ಕುಟುಂಬವನ್ನು ಗೃಹಧರ್ಮಸಭೆಯೆಂದೂ, ಹೆತ್ತವರನ್ನು ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರೆಂದೂ ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬೋಧಿಸಿತು. ಎಲ್ಲ ಅಂತಸ್ತಿನವರಿಗೂ ಪಾವಿತ್ರ್ಯದ ಕರೆಯಿದೆಯೆಂದೂ ಅದೇ ದಾಖಲೆ ಸಾರಿತು. ಮಾರ್ಗರೀತ ಅವರ ಬಾಳು ಈ ಬೋಧನೆಗೆ ಒಂದು ಶತಮಾನ ಮೊದಲೇ ದೊರೆತ ವ್ಯಾಖ್ಯಾನ.

ಇಂಥ ತಾಯಂದಿರು ನಮ್ಮ ಹಳ್ಳಿಗಳ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಅವರ ಅಂತ್ಯಕ್ರಿಯೆಯ ಪ್ರಬೋಧನೆಯಲ್ಲಿ ನಾವು ಸಾಮಾನ್ಯವಾಗಿ ಎರಡು ಮಾತುಗಳಿಗೆ ತೃಪ್ತರಾಗುತ್ತೇವೆ: ಮಕ್ಕಳಿಗಾಗಿ ಸವೆದ ತಾಯಿ, ಗುರುವನ್ನೋ ಕನ್ಯಾಸ್ತ್ರೀಯನ್ನೋ ಧರ್ಮಸಭೆಗೆ ಕೊಟ್ಟ ತಾಯಿ. ಎರಡೂ ನಿಜವಿರಬಹುದು, ಆದರೆ ಎರಡರಲ್ಲಿಯೂ ಆಕೆ ಇತರರ ಮೂಲಕವೇ ಬೆಲೆ ಪಡೆಯುತ್ತಾಳೆ. ಆಕೆ ಸ್ವತಃ ಹೇಗೆ ವಿಶ್ವಾಸವಿಟ್ಟಳು, ಯಾವ ಸಂಕಟದಲ್ಲಿ ಏನನ್ನು ಆಯ್ದುಕೊಂಡಳು, ಯಾವುದನ್ನು ನಿರಾಕರಿಸಿದಳು ಎಂದು ಮನೆಯವರನ್ನು ಕೇಳಿ ತಿಳಿದು ಮಾತನಾಡುವುದು ಪಾಲನಾಸೇವೆಯ ಕರ್ತವ್ಯ.

ಇನ್ನು ಗುರುಮಠದಲ್ಲಿರುವ ನಮಗೆ ಆ ತಾಯಿಯ ಎಚ್ಚರಿಕೆಯೊಂದು ಉಳಿದಿದೆ. ಯಾಜಕ ಪದವಿಯಿಂದ ಕುಟುಂಬಕ್ಕೆ ಬರಬಹುದಾದ ಅನುಕೂಲವನ್ನು ಆಕೆ ಮೊದಲೇ ಬೇಡವೆಂದರು. ನಮ್ಮ ಮನೆಯವರು ಹಾಗೆ ಹೇಳಲಿ, ಹೇಳದಿರಲಿ, ದೀಕ್ಷೆಗೆ ಮುನ್ನ ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕು: ನಾಳೆ ನಾವು ವಾಸಿಸುವ ಗುರುನಿವಾಸದ ಹೊಸ್ತಿಲನ್ನು ಮಾರ್ಗರೀತ ತುಳಿಯುವರೇ?